ಟೈಲ್‌ಗೇಟ್ ಪಾರ್ಟಿಗೆ ಎಷ್ಟು ಐಸ್, ಎಂಥ ಬಾಕ್ಸ್?

ಆಗಸ್ಟ್ ಕೊನೆ ಬಂತೆಂದರೆ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಶುರು. ಸೆಪ್ಟೆಂಬರ್ ಆರಂಭದಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಕೂಡ ಶುರುವಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕರ್ನಾಟಕದಿಂದ ಓದಲು ಹೋದ ಹುಡುಗ ಹುಡುಗಿಯರು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಮೊದಲ ಸೆಮಿಸ್ಟರ್‌ಗೆ ಸೇರಿರುತ್ತಾರೆ. ಲ್ಯಾಬ್‌ನ ಗೆಳೆಯರು ಕರೆಯುತ್ತಾರೆ: "ಶನಿವಾರ ಟೈಲ್‌ಗೇಟ್ ಇದೆ, ಬಾ. ಕುಡಿಯೋದಕ್ಕೆ ತರೋದು ನಿನ್ನ ಪಾಲು."

ಹೇಳುವುದು ಸುಲಭ. ಆದರೆ ಸುಡುವ ಡಾಂಬರಿನ ಮೇಲೆ, ಕರೆಂಟ್ ಇಲ್ಲದ ಜಾಗದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಹತ್ತಾರು ಜನರಿಗೆ ತಣ್ಣಗಿನ ಪಾನೀಯ ಕೊಡುವುದು ಹೇಗೆ? ಅಂಗಡಿಗೆ ಹೋದರೆ ಕೆಲವೇ ಡಾಲರಿನ ಥರ್ಮಾಕೋಲ್ ಡಬ್ಬವೂ ಇರುತ್ತದೆ, ನೂರಾರು ಡಾಲರಿನ ದಪ್ಪ ಗೋಡೆಯ ಪೆಟ್ಟಿಗೆಯೂ ಇರುತ್ತದೆ. ಯಾವುದು ಬೇಕು, ಐಸ್ ಎಷ್ಟು ಬೇಕು, ಕರಗಿದ ನೀರು ಏನು ಮಾಡಬೇಕು? ಇದೆಲ್ಲ ಹೈಸ್ಕೂಲಿನ ವಿಜ್ಞಾನವೇ. ಆದರೂ ಹೆಚ್ಚಿನವರು ಡಬ್ಬಕ್ಕೆ ಜಾಸ್ತಿ ದುಡ್ಡು ಸುರಿದು ಐಸ್ ಲೆಕ್ಕದಲ್ಲಿ ಎಡವುತ್ತಾರೆ.

## ಮೊದಲು, ಟೈಲ್‌ಗೇಟ್ ಅಂದರೇನು?

ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ಕೆಳಕ್ಕೆ ಇಳಿಯುವ ಬಾಗಿಲು ಇರುತ್ತದಲ್ಲ, ಅದೇ ಟೈಲ್‌ಗೇಟ್. ಪಂದ್ಯದ ದಿನ ಜನ ಕ್ರೀಡಾಂಗಣದ ಪಾರ್ಕಿಂಗ್ ಲಾಟ್‌ಗೆ ಗಂಟೆಗಟ್ಟಲೆ ಮೊದಲೇ ಬಂದು, ಆ ಬಾಗಿಲನ್ನು ಇಳಿಸಿ ಮೇಜು ಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ಗ್ರಿಲ್ ಹೊತ್ತಿಸುತ್ತಾರೆ, ಮಡಚುವ ಕುರ್ಚಿ ಹಾಕುತ್ತಾರೆ. ತಿನ್ನುತ್ತಾ ಕುಡಿಯುತ್ತಾ ಹರಟುತ್ತಾರೆ. ಪಂದ್ಯದ ಟಿಕೆಟ್ ಇಲ್ಲದವರೂ ಬರುತ್ತಾರೆ. ಅಕ್ಕಪಕ್ಕದ ಗುಂಪಿನವರು ಅಪರಿಚಿತರಾದರೂ ಕರೆದು ಊಟ ಕೊಡುವುದು ಅಲ್ಲಿ ಮಾಮೂಲು.

ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ 'ದಿ ಗ್ರೋವ್' ಎಂಬ ಮರಗಳ ತೋಪಿನಲ್ಲಿ ಡೇರೆ ಹಾಕುತ್ತಾರೆ. ಒಳಗೆ ಕಾರು ಬಿಡುವುದಿಲ್ಲ, ಸಾಮಾನೆಲ್ಲ ಹೊತ್ತೇ ಒಯ್ಯಬೇಕು. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಮತ್ತು ಸಿಯಾಟಲ್‌ನಲ್ಲಿ ಕ್ರೀಡಾಂಗಣ ನೀರಿನ ಪಕ್ಕದಲ್ಲೇ ಇದೆ. ಅಲ್ಲಿ ಜನ ದೋಣಿಗಳಲ್ಲೇ ಬಂದು ಪಾರ್ಟಿ ಮಾಡುತ್ತಾರೆ. ಇನ್ನು ವಿಸ್ಕಾನ್ಸಿನ್‌ನ ಗ್ರೀನ್ ಬೇಯಲ್ಲಿ ಡಿಸೆಂಬರ್ ಹೊತ್ತಿಗೆ ಎಲ್ಲವೂ ಹೆಪ್ಪುಗಟ್ಟಿರುತ್ತದೆ. ಅಲ್ಲಿನ ಕಷ್ಟವೇ ಬೇರೆ. ಅದಕ್ಕೆ ಆಮೇಲೆ ಬರೋಣ.

ಲೆಕ್ಕಕ್ಕೆ ಬೇಕಾದ ಮಾತು ಒಂದೇ: ಇದು ಉದ್ದದ ದಿನ. ಪಾರ್ಟಿ ನಾಲ್ಕು ಗಂಟೆ, ಪಂದ್ಯ ಮೂರು ಗಂಟೆಗೂ ಜಾಸ್ತಿ. ಪಂದ್ಯ ಮುಗಿದ ಮೇಲೂ ವಾಹನಗಳ ಸಾಲು ಕರಗುವವರೆಗೆ ಅಲ್ಲೇ ಕೂತಿರುತ್ತಾರೆ. ಒಟ್ಟು ಎಂಟು ಗಂಟೆ ಎಂದು ಇಟ್ಟುಕೊಳ್ಳಿ.

## ಡಬ್ಬ ತಂಪು ಮಾಡುವುದಿಲ್ಲ

ಕೂಲರ್ ಎಂದು ಕರೆದರೂ ಆ ಡಬ್ಬ ಯಾವುದನ್ನೂ ತಣ್ಣಗೆ ಮಾಡುವುದಿಲ್ಲ. ತಣ್ಣಗೆ ಮಾಡುವುದು ಒಳಗಿನ ಐಸ್. ಹೊರಗಿನ ಬಿಸಿ ಒಳಗೆ ಬರುವುದನ್ನು ನಿಧಾನ ಮಾಡುವುದಷ್ಟೇ ಡಬ್ಬದ ಕೆಲಸ. ಬಯಲುಸೀಮೆಯ ಕುರಿಗಾಹಿ ಚಳಿಗೂ ಕಂಬಳಿ ಹೊದೆಯುತ್ತಾನೆ, ಉರಿಬಿಸಿಲಿಗೂ ಅದನ್ನೇ ಹೊದೆಯುತ್ತಾನೆ, ಅಲ್ವಾ? ಕಂಬಳಿಗೆ ಬಿಸಿಯೂ ಗೊತ್ತಿಲ್ಲ, ತಂಪೂ ಗೊತ್ತಿಲ್ಲ. ಆಚೆಯದನ್ನು ಆಚೆ, ಈಚೆಯದನ್ನು ಈಚೆ ಇರಲು ಬಿಡುತ್ತದೆ, ಅಷ್ಟೇ. ಕೂಲರ್ ಕೂಡ ಹಾಗೆಯೇ.

ಇದು ಸಾಧ್ಯವಾಗುವುದು ಗಾಳಿಯಿಂದ. ಅಲುಗಾಡದ ಗಾಳಿಯಲ್ಲಿ ಬಿಸಿ ತುಂಬ ನಿಧಾನವಾಗಿ ಸಾಗುತ್ತದೆ. ಆದರೆ ಗಾಳಿಯನ್ನು ಸುಮ್ನೆ ಬಿಟ್ಟರೆ ಅದು ಸುತ್ತುತ್ತದೆ, ಬಿಸಿಯನ್ನೂ ಹೊತ್ತು ತರುತ್ತದೆ. ಅದಕ್ಕೇ ಅದನ್ನು ಸಣ್ಣ ಸಣ್ಣ ಗುಳ್ಳೆಗಳಲ್ಲಿ ಹಿಡಿದಿಡಬೇಕು. ಥರ್ಮಾಕೋಲ್‌ನಲ್ಲಿ ಇರುವುದು ಹೆಚ್ಚಾಗಿ ಗಾಳಿಯೇ. ಒಳ್ಳೆಯ ಕೂಲರ್‌ಗಳ ಗೋಡೆಯಲ್ಲಿ ಪಾಲಿಯುರೆಥೇನ್ ಎಂಬ ನೊರೆ ತುಂಬಿರುತ್ತಾರೆ. ಅದರ ಗುಳ್ಳೆಗಳಲ್ಲಿ ಗಾಳಿಗಿಂತ ಇನ್ನೂ ನಿಧಾನವಾಗಿ ಬಿಸಿ ಸಾಗಿಸುವ ಅನಿಲ ಇರುತ್ತದೆ. ಹಾಗಾಗಿ ಅದೇ ದಪ್ಪಕ್ಕೆ ಅದು ಥರ್ಮಾಕೋಲ್‌ಗಿಂತ ಚೆನ್ನಾಗಿ ತಡೆಯುತ್ತದೆ.

ಈ ಜ್ಞಾನ ಹೊಸದಲ್ಲ. ಬಾಸ್ಟನ್‌ನ ಫ್ರೆಡೆರಿಕ್ ಟ್ಯೂಡರ್ ಎಂಬ ವ್ಯಾಪಾರಿ ಮ್ಯಾಸಚೂಸೆಟ್ಸ್‌ನ ಕೆರೆಗಳಲ್ಲಿ ಚಳಿಗಾಲದಲ್ಲಿ ಐಸ್ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಮುಚ್ಚಿ, ಹಡಗಿನಲ್ಲಿ ಬಿಸಿಲ ನಾಡುಗಳಿಗೆ ಮಾರುತ್ತಿದ್ದ. 1833ರಲ್ಲಿ ಅವನು ಸುಮಾರು 180 ಟನ್ ಐಸನ್ನು ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಆದರೂ ಸುಮಾರು 100 ಟನ್ ಉಳಿದಿತ್ತು. ಮದರಾಸಿಗೂ ಅವನ ಐಸ್ ಬರುತ್ತಿತ್ತು. ಅದನ್ನು ಇಡಲು ಕಟ್ಟಿದ ಐಸ್ ಹೌಸ್ ಚೆನ್ನೈನ ಮರೀನಾ ಎದುರು ಇವತ್ತಿಗೂ ಇದೆ. ಈಗ ಅದರ ಹೆಸರು ವಿವೇಕಾನಂದರ್ ಇಲ್ಲಂ. ಹೊಟ್ಟಿನ ನಡುವೆ ಸಿಕ್ಕಿಕೊಂಡ ಗಾಳಿ, ಜೊತೆಗೆ ರಾಶಿ ರಾಶಿ ಐಸ್. ಆ ಹಡಗಿನಲ್ಲಿ ಇದ್ದದ್ದು ಇಷ್ಟೇ.

## ಐಸ್‌ಗೆ ಇಷ್ಟು ಶಕ್ತಿ ಎಲ್ಲಿಂದ?

ಐಸ್ ತಣ್ಣಗಿರುವುದರಿಂದ ತಂಪು ಮಾಡುತ್ತದೆ ಎಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ ನಿಜ. ನಿಜವಾದ ಕೆಲಸ ಆಗುವುದು ಅದು ಕರಗುವಾಗ. ಐಸ್ ನೀರಾಗಬೇಕಾದರೆ ಸುತ್ತಲಿನಿಂದ ಬಹಳ ಶಾಖವನ್ನು ಹೀರಿಕೊಳ್ಳಬೇಕು. ಒಂದು ಕೆಜಿ ಐಸ್ ಕರಗಲು ಬೇಕಾದ ಶಾಖದಲ್ಲಿ ಒಂದು ಕೆಜಿ ನೀರನ್ನು ಸೊನ್ನೆ ಡಿಗ್ರಿಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು! ಇಷ್ಟೆಲ್ಲ ಶಾಖ ಹೀರಿದರೂ ಪೂರ್ತಿ ಕರಗುವವರೆಗೆ ಅದು ಸೊನ್ನೆ ಡಿಗ್ರಿಯಲ್ಲೇ ನಿಂತಿರುತ್ತದೆ. ಅಂದರೆ ಕರಗುವುದು ನಷ್ಟವಲ್ಲ. ಐಸ್ ತಂಪು ಮಾಡುವುದೇ ಕರಗುವ ಮೂಲಕ. ಆ ಕರಗುವಿಕೆ ಕ್ಯಾನ್‌ಗಳಿಗೆ ಖರ್ಚಾಗಬೇಕು, ಪಾರ್ಕಿಂಗ್ ಲಾಟ್‌ನ ಬಿಸಿಗೆ ಅಲ್ಲ.

ಈಗ ಲೆಕ್ಕ ಹಾಕೋಣ. ಅಮೆರಿಕದ ಮಾಮೂಲಿ ಕ್ಯಾನ್‌ನಲ್ಲಿ 355 ಮಿಲಿ ಪಾನೀಯ ಇರುತ್ತದೆ. ಅದನ್ನು 25 ಡಿಗ್ರಿಯಿಂದ 3 ಡಿಗ್ರಿಗೆ ಇಳಿಸಲು ಹತ್ತಿರ ಹತ್ತಿರ 100 ಗ್ರಾಂ ಐಸ್ ಕರಗಬೇಕು. 24 ಕ್ಯಾನ್‌ಗೆ ಸುಮಾರು 2.4 ಕೆಜಿ. ಅಲ್ಲಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಐಸ್ ಚೀಲ 10 ಪೌಂಡ್, ಅಂದರೆ 4.5 ಕೆಜಿ. ಪಾರ್ಟಿ ಶುರುವಾಗುವ ಮೊದಲೇ ಅರ್ಧ ಚೀಲ ಖಾಲಿ!

ಇನ್ನು ಗೋಡೆಯ ಮೂಲಕ ಒಳಗೆ ಬರುವ ಬಿಸಿ. ಹೊರಗೆ 30 ಡಿಗ್ರಿ, ಡಬ್ಬ 45 ಲೀಟರಿನದು, ಗೋಡೆಯಲ್ಲಿ 3 ಸೆಂಟಿಮೀಟರ್ ಪಾಲಿಯುರೆಥೇನ್ ಎಂದು ಇಟ್ಟುಕೊಂಡರೆ ಗಂಟೆಗೆ ಸುಮಾರು 300 ಗ್ರಾಂ ಐಸ್ ಕರಗುತ್ತದೆ. ಎಂಟು ಗಂಟೆಗೆ 2.4 ಕೆಜಿ. ಬಿಸಿ ಡಿಕ್ಕಿಯಿಂದ ತೆಗೆದ ಡಬ್ಬವಾದರೆ ಅದರ ಒಳಗೋಡೆ ತಣ್ಣಗಾಗಲಿಕ್ಕೇ ಅರ್ಧ ಕೆಜಿಗೂ ಜಾಸ್ತಿ ಹೋಗುತ್ತದೆ.

ಮುಚ್ಚಳ ತೆಗೆದಾಗ ಎಷ್ಟು ನಷ್ಟ? ಇದರ ಬಗ್ಗೆ ಜನ ಜಾಸ್ತಿ ಹೆದರುತ್ತಾರೆ. ಗಾಳಿಯಲ್ಲಿ ಶಾಖ ಕಡಿಮೆ. ತಣ್ಣನೆಯ ಗಾಳಿ ಭಾರ ಬೇರೆ, ಮೇಲಿನಿಂದ ತೆರೆದರೆ ಅದು ಬಹುಪಾಲು ಒಳಗೇ ಕೂತಿರುತ್ತದೆ. ಇಡೀ ಡಬ್ಬದ ಗಾಳಿ ಬದಲಾಗಿ, ಅದರ ತೇವವೂ ಒಳಗೆ ನೀರಾಗಿ ಇಳಿದರೂ ಒಂದು ಸಲಕ್ಕೆ 10–15 ಗ್ರಾಂ ಐಸ್ ಹೋದೀತು. ಐವತ್ತು ಸಲ ತೆಗೆದರೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ. ಆದರೆ ನಡುವೆ ಯಾರೋ ಬಂದು ಕಾರಿನಲ್ಲಿ ಬಿಸಿಯಾದ ಹನ್ನೆರಡು ಕ್ಯಾನ್ ಒಳಗೆ ಹಾಕಿದರೆ? ಒಂದೇ ಏಟಿಗೆ 1.2 ಕೆಜಿಗೂ ಹೆಚ್ಚು ಐಸ್ ಮುಗಿಯಿತು. ಮುಚ್ಚಳ ತೆಗೆಯುವವರನ್ನು ಗದರುವ ಬದಲು ಬಿಸಿ ಕ್ಯಾನ್ ಹಾಕುವವರನ್ನು ತಡೆಯಿರಿ. ಮುಚ್ಚಳವನ್ನು ತೆರೆದೇ ಬಿಡುವುದು ಮಾತ್ರ ತಪ್ಪು. ಬಿಸಿಲು ನೇರ ಒಳಗೆ ಬೀಳುತ್ತದೆ.

ಎಲ್ಲ ಕೂಡಿಸಿದರೆ, ಬೆಚ್ಚಗಿನ ಕ್ಯಾನ್ ತುಂಬಿದರೆ 6 ಕೆಜಿಗೂ ಮೀರಿ ಐಸ್ ಬೇಕು, ಅಂದರೆ ಎರಡು ಚೀಲ. ಅದೇ ಕ್ಯಾನ್‌ಗಳನ್ನು ಹಿಂದಿನ ರಾತ್ರಿಯೇ ಮನೆಯ ಫ್ರಿಜ್‌ನಲ್ಲಿಟ್ಟು, ಡಬ್ಬದೊಳಗೂ ಒಂದಿಷ್ಟು ಐಸ್ ಹಾಕಿ ಮುಚ್ಚಿಟ್ಟು ತಣ್ಣಗೆ ಮಾಡಿಕೊಂಡಿದ್ದರೆ ಸುಮಾರು 3.5 ಕೆಜಿ ಸಾಕು. ಒಂದೇ ಚೀಲ, ಅದರಲ್ಲೂ ಮಿಗುತ್ತದೆ. ಒಂದು ಡಾಲರ್ ಕೂಡ ಖರ್ಚಿಲ್ಲದ ಕೆಲಸ ಇದು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಐಸ್‌ನಲ್ಲೂ ಬಗೆಗಳಿವೆ. ಸಣ್ಣ ತುಂಡುಗಳು ಬೇಗ ತಂಪು ಮಾಡುತ್ತವೆ, ಬೇಗ ಕರಗುತ್ತವೆ. ದೊಡ್ಡ ಗಡ್ಡೆ ನಿಧಾನ, ಬಾಳಿಕೆ ಜಾಸ್ತಿ. ಎರಡನ್ನೂ ಸೇರಿಸುವುದು ಒಳ್ಳೆಯದು. ಗಡ್ಡೆ ಸಿಗದಿದ್ದರೆ ಎರಡು ಮೂರು ನೀರಿನ ಬಾಟಲಿಗಳನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ತಳದಲ್ಲಿ ಇಡಿ. ಸಂಜೆಗೆ ಅದೇ ಕುಡಿಯುವ ನೀರು. ಬಾಟಲಿಯನ್ನು ಪೂರ್ತಿ ತುಂಬಬೇಡಿ, ನೀರು ಗಟ್ಟಿಯಾಗುವಾಗ ಹಿಗ್ಗುತ್ತದೆ.

## ಕರಗಿದ ನೀರನ್ನು ಚೆಲ್ಲಬೇಕೇ?

ಪ್ರತಿ ಪಾರ್ಟಿಯಲ್ಲೂ ಈ ವಾದ ನಡೆಯುತ್ತದೆ. ಕ್ಯಾನ್ ಮತ್ತು ಬಾಟಲಿಗಳ ಡಬ್ಬವಾದರೆ ಉತ್ತರ ಸ್ಪಷ್ಟ: ಚೆಲ್ಲಬೇಡಿ.

ಐಸ್ ತುಂಡುಗಳು ಕ್ಯಾನ್‌ಗೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತವೆ. ಉಳಿದ ಜಾಗದಲ್ಲೆಲ್ಲ ಗಾಳಿ. ನೀರಿದ್ದರೆ ಅದು ಕ್ಯಾನನ್ನು ಸುತ್ತಲೂ ಅಪ್ಪಿಕೊಳ್ಳುತ್ತದೆ. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಐಸ್ ಉಳಿದಿರುವವರೆಗೆ ಆ ನೀರೂ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಬೆಚ್ಚಗಿನ ಕ್ಯಾನ್ ಐಸ್‌ನೀರಿನಲ್ಲಿ ಪೂರ್ತಿ ಮುಳುಗಿದ್ದರೆ 15–20 ನಿಮಿಷದಲ್ಲಿ ಕುಡಿಯುವಷ್ಟು ತಣ್ಣಗಾಗುತ್ತದೆ. ಫ್ರಿಜ್‌ನಲ್ಲಿ ಅದಕ್ಕೆ ಗಂಟೆಗಳೇ ಬೇಕು. ಬರೀ ಐಸ್ ಸುರಿದು ಕಾಯುವುದಕ್ಕಿಂತ ಮೊದಲೇ ಒಂದೆರಡು ಲೀಟರ್ ತಣ್ಣೀರು ಹಾಕುವುದು ವಾಸಿ.

ಇನ್ನೂ ಬೇಗ ಆಗಬೇಕೆಂದರೆ ಉಪ್ಪು ಹಾಕುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ. ಮನೆಯಲ್ಲಿ ಕೈಯಿಂದ ತಿರುಗಿಸಿ ಐಸ್‌ಕ್ರೀಮ್ ಮಾಡುವವರಿಗಾಗಿ ಅಮೆರಿಕದ ಅಂಗಡಿಗಳಲ್ಲಿ ಇದಕ್ಕೆಂದೇ ಕಲ್ಲುಪ್ಪು ಸಿಗುತ್ತದೆ. ಆದರೆ ಉಪ್ಪಿನಿಂದ ಐಸ್ ಬೇಗ ಮುಗಿಯುತ್ತದೆ. ಕ್ಯಾನ್ ಹೆಚ್ಚು ಹೊತ್ತು ಮುಳುಗಿದ್ದರೆ ಒಳಗಿನದು ಗಟ್ಟಿಯೂ ಆಗಬಹುದು. ತಡವಾಗಿ ಬಂದ ಹತ್ತು ಕ್ಯಾನ್‌ಗೆ ಬಕೆಟ್ ಒಂದರಲ್ಲಿ ಮಾಡಿಕೊಳ್ಳಿ, ಇಡೀ ಡಬ್ಬಕ್ಕೆ ಬೇಡ.

ಊಟದ ಡಬ್ಬದ ವಿಷಯ ಬೇರೆ. ಅಲ್ಲಿ ನೀರು ನಿಂತರೆ ಪೊಟ್ಟಣಗಳ ಒಳಗೆ ಇಳಿಯುತ್ತದೆ. ಅದನ್ನು ಬಸಿಯಲೇಬೇಕು. ಊಟಕ್ಕೂ ಪಾನೀಯಕ್ಕೂ ಬೇರೆ ಬೇರೆ ಡಬ್ಬ ಇಡಲು ಇನ್ನೂ ಒಂದು ಕಾರಣವಿದೆ. ಅಮೆರಿಕದ ಕೃಷಿ ಇಲಾಖೆಯ ಸೂಚನೆ ಪ್ರಕಾರ ಕೆಡುವ ಆಹಾರ 4 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಹೊರಗಿಟ್ಟರೆ ಎರಡು ಗಂಟೆ ಮಿತಿ, 32 ಡಿಗ್ರಿಗಿಂತ ಜಾಸ್ತಿ ಬಿಸಿಲಿದ್ದರೆ ಒಂದೇ ಗಂಟೆ. ಮೊಸರನ್ನ ಒಯ್ಯುವವರು ಇದನ್ನು ಮರೆಯಬಾರದು. ಪಾನೀಯದ ಡಬ್ಬವನ್ನು ಎಲ್ಲರೂ ತೆಗೆಯುತ್ತಲೇ ಇರುತ್ತಾರೆ. ಊಟದ ಡಬ್ಬ ಬಡಿಸುವವರೆಗೆ ಮುಚ್ಚಿಯೇ ಇರಲಿ.

## ಹಾಗಾದರೆ ಯಾವ ಡಬ್ಬ?

ಕೈಯಲ್ಲಿ ಎತ್ತಿಕೊಂಡು ಹೋಗುವ ಐಸ್ ಪೆಟ್ಟಿಗೆ ಅಮೆರಿಕದಲ್ಲಿ ಮನೆಮಾತಾದದ್ದು 1950ರ ದಶಕದಲ್ಲಿ. ಜನ ಕಾರು ಕೊಂಡು ಊರೂರು ಸುತ್ತಲು ಶುರುಮಾಡಿದ ಕಾಲ ಅದು. ಕ್ಯಾನ್ಸಸ್‌ನ ಕೋಲ್‌ಮನ್ ಕಂಪನಿ ಉಕ್ಕಿನ ಹೊದಿಕೆಯ ಕೂಲರ್ ಮಾರಿತು. ಆಮೇಲೆ ಪ್ಲಾಸ್ಟಿಕ್ ಬಂತು, ತೂಕ ಇಳಿಯಿತು. 2006ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಇಬ್ಬರು ಅಣ್ಣತಮ್ಮಂದಿರು ಯೆಟಿ ಕಂಪನಿ ಶುರುಮಾಡಿದರು. ಬಲವಾದ, ದಪ್ಪ ಗೋಡೆಯ, ದುಬಾರಿ ಕೂಲರ್‌ಗಳ ಕಾಲ ಅಲ್ಲಿಂದ ಜೋರಾಯಿತು.

ಈ ದುಬಾರಿ ಡಬ್ಬಗಳನ್ನು ಮಾಡುವ ವಿಧಾನ ಚೆನ್ನಾಗಿದೆ. ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿಗೆ ಹಾಕಿ, ಒಲೆಯೊಳಗೆ ಎರಡು ದಿಕ್ಕಿಗೆ ತಿರುಗಿಸುತ್ತಾರೆ. ಪುಡಿ ಕರಗಿ ಅಚ್ಚಿನ ಒಳಮೈಗೆಲ್ಲ ಸಮನಾಗಿ ಅಂಟುತ್ತದೆ. ಎಲ್ಲೂ ಬೆಸುಗೆ ಇಲ್ಲದ ಗಟ್ಟಿ ಚಿಪ್ಪು ಸಿಗುತ್ತದೆ. ಗೋಡೆಯ ನಡುವೆ ನೊರೆ ತುಂಬುತ್ತಾರೆ. ಮುಚ್ಚಳಕ್ಕೆ ಫ್ರಿಜ್ ಬಾಗಿಲಿನಲ್ಲಿರುವಂಥ ರಬ್ಬರ್ ಪಟ್ಟಿ ಹಾಕುತ್ತಾರೆ.

ಆದರೆ ಟೈಲ್‌ಗೇಟ್‌ಗೆ ಅದರಿಂದ ಎಷ್ಟು ಲಾಭ? ಗೋಡೆ 3ರ ಬದಲು 5 ಸೆಂಟಿಮೀಟರ್ ಆದರೆ ಐಸ್ ಕರಗುವುದು ಗಂಟೆಗೆ 300 ಗ್ರಾಂನಿಂದ ಸುಮಾರು 200 ಗ್ರಾಂಗೆ ಇಳಿಯುತ್ತದೆ. ಎಂಟು ಗಂಟೆಗೆ ಉಳಿತಾಯ 800 ಗ್ರಾಂ. ಐಸ್ ಚೀಲದ ಐದನೇ ಒಂದು ಭಾಗಕ್ಕಿಂತ ಕಡಿಮೆ! ಐದು ದಿನ ಕಾಡಿನಲ್ಲಿ ಡೇರೆ ಹಾಕುವವರಿಗೆ ಅದೇ ವ್ಯತ್ಯಾಸ 12 ಕೆಜಿ ಆಗುತ್ತದೆ. ಅವರಿಗೆ ಅಂಥ ಡಬ್ಬ ಬೇಕೇ ಬೇಕು. ಒಂದು ದಿನದ ಪಾರ್ಟಿಗೆ ಮಧ್ಯಮ ದರ್ಜೆಯದು ಧಾರಾಳ. ವಿದ್ಯಾರ್ಥಿಗಳು ಇದಕ್ಕೆ ನೂರಾರು ಡಾಲರ್ ಹಾಕುವುದು ಬೇಡ ಎಂದು ಒತ್ತಿ ಹೇಳುತ್ತೇನೆ.

ಕೊಳ್ಳುವಾಗ ನೋಡಬೇಕಾದದ್ದು ಮುಚ್ಚಳ. ಅಗ್ಗದ ಎಷ್ಟೋ ಡಬ್ಬಗಳಲ್ಲಿ ಗೋಡೆಗೆ ನೊರೆ ಇರುತ್ತದೆ, ಮುಚ್ಚಳ ಮಾತ್ರ ಟೊಳ್ಳು. ಬಿಸಿಲು ಬೀಳುವುದು ಅದರ ಮೇಲೆಯೇ. ಬೆರಳಿನಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಬಣ್ಣ ಬಿಳಿ ಅಥವಾ ತಿಳಿಯಾಗಿರಲಿ. ತಳದಲ್ಲಿ ನೀರು ಬಸಿಯುವ ಬಿರಡೆ ಇರಲಿ. ಚಕ್ರ ಇದ್ದರಂತೂ ಸೊಂಟ ಉಳಿಯುತ್ತದೆ: 24 ಕ್ಯಾನ್, ಎರಡು ಚೀಲ ಐಸ್, ಡಬ್ಬದ ತೂಕ ಸೇರಿದರೆ 25 ಕೆಜಿಯ ಹತ್ತಿರ ಬರುತ್ತದೆ. ಅಳತೆಯನ್ನು ಅಲ್ಲಿ ಕ್ವಾರ್ಟ್‌ನಲ್ಲಿ ಹೇಳುತ್ತಾರೆ. ಒಂದು ಕ್ವಾರ್ಟ್ ಎಂದರೆ ಲೀಟರಿಗಿಂತ ಚೂರು ಕಡಿಮೆ. 24 ಕ್ಯಾನ್ ಮತ್ತು ಬೇಕಾದಷ್ಟು ಐಸ್‌ಗೆ 45–50 ಕ್ವಾರ್ಟ್‌ನದು ಸರಿಹೋಗುತ್ತದೆ. ಕಾರು ದೂರ ನಿಲ್ಲಿಸಿ ನಡೆಯಬೇಕಾದ ಕಡೆ ಬೆನ್ನಿಗೆ ಹಾಕಿಕೊಳ್ಳುವ ಮೆತ್ತನೆಯ ಕೂಲರ್ ಚೀಲ ಅನುಕೂಲ. ಅರ್ಧ ದಿನಕ್ಕೆ ಅಡ್ಡಿಯಿಲ್ಲ. ಗ್ರೋವ್‌ನಂಥ ಕಡೆ ಮಡಚುವ ಕೈಗಾಡಿ ಬೇಕಾಗುತ್ತದೆ.

ಯಾವ ಡಬ್ಬವಾದರೂ ಎಲ್ಲಿ ಇಡುತ್ತೀರಿ ಎನ್ನುವುದು ದೊಡ್ಡದು. ಮಧ್ಯಾಹ್ನದ ಡಾಂಬರು 50 ಡಿಗ್ರಿ ದಾಟುತ್ತದೆ. ಡಬ್ಬ ಅದರ ಮೇಲೇ ಕೂತರೆ ತಳದಿಂದ ಬರುವ ಬಿಸಿ ಹೆಚ್ಚುಕಮ್ಮಿ ಎರಡು ಪಟ್ಟು. ಎರಡು ಮರದ ಪಟ್ಟಿ ಅಥವಾ ಚಿಕ್ಕ ಸ್ಟೂಲ್ ಮೇಲೆ ಎತ್ತಿಡಿ. ನೆರಳಿನಲ್ಲಿಡಿ, ನೆರಳು ಸರಿದಂತೆ ಡಬ್ಬವೂ ಸರಿಯಲಿ.

## ಕೈಗೆ ಸಿಗುವ ಹಾಗೆ ಇಡುವುದು

ತಣ್ಣಗಿದ್ದರೆ ಸಾಲದು, ಬೇಕೆಂದಾಗ ಸಿಗಬೇಕು. ಅದಕ್ಕೆ ಎಷ್ಟೋ ಜನ ತಗಡಿನ ಅಗಲ ತೊಟ್ಟಿಯಲ್ಲಿ ಐಸ್‌ನೀರು ತುಂಬಿ ಮೇಜಿನ ಪಕ್ಕ ಇಡುತ್ತಾರೆ. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಯಾರೂ ಹುಡುಕಬೇಕಿಲ್ಲ. ಆದರೆ ತಗಡು ಬಿಸಿಯನ್ನು ತಡೆಯುವುದಿಲ್ಲ. ಆದ್ದರಿಂದ ತೊಟ್ಟಿಯಲ್ಲಿ ಮುಂದಿನ ಒಂದು ಗಂಟೆಗೆ ಬೇಕಾದಷ್ಟೇ ಇರಲಿ. ಉಳಿದದ್ದು ಮುಚ್ಚಿದ ಡಬ್ಬದಲ್ಲಿರಲಿ. ಬಾಟಲಿ ತೆರೆಯುವ ಓಪನರನ್ನು ದಾರದಿಂದ ತೊಟ್ಟಿಗೇ ಕಟ್ಟಿಬಿಡಿ.

ಜ್ಯೂಸ್, ನೀರು, ಶರಬತ್ತಿಗೆ ನಲ್ಲಿ ಇರುವ ದುಂಡನೆಯ ಜಗ್ ಉತ್ತಮ. ಆಟಗಾರರ ಬೆಂಚಿನ ಪಕ್ಕ ಟಿವಿಯಲ್ಲಿ ಕಾಣುತ್ತದಲ್ಲ, ಅಂಥದ್ದು. 5 ಗ್ಯಾಲನ್‌ನದರಲ್ಲಿ ಸುಮಾರು 19 ಲೀಟರ್ ಹಿಡಿಯುತ್ತದೆ. ಬೇಸಿಗೆಯಲ್ಲಿ ಪಾರ್ಕಿನಲ್ಲಿ ನಡೆಯುವ ಕನ್ನಡ ಕೂಟದ ಪಿಕ್ನಿಕ್‌ಗಳಲ್ಲಿ ಮಜ್ಜಿಗೆ, ಪಾನಕಕ್ಕೂ ಇದೇ ಜಗ್ ಸರಿ. ಐಸನ್ನು ನೇರ ಹಾಕಿದರೆ ಮಜ್ಜಿಗೆ ನೀರಾಗುತ್ತದೆ. ಗಟ್ಟಿಯಾದ ನೀರಿನ ಬಾಟಲಿಯನ್ನು ಚೆನ್ನಾಗಿ ತೊಳೆದು ಒಳಗೆ ಇಳಿಬಿಟ್ಟರೆ ಆ ತೊಂದರೆ ಇಲ್ಲ.

ಕೈಗೆ ತೆಗೆದುಕೊಂಡ ಮೇಲೆ ಕ್ಯಾನ್ ಯಾಕೆ ಅಷ್ಟು ಬೇಗ ಬಿಸಿಯಾಗುತ್ತದೆ? ಅಂಗೈಯ ಬಿಸಿ ಒಂದು ಕಾರಣ. ಇನ್ನೊಂದು ಕಾರಣ ಹೊರಮೈ ಮೇಲೆ ಕಟ್ಟುವ ನೀರಹನಿ. ಗಾಳಿಯ ತೇವ ತಣ್ಣನೆಯ ಕ್ಯಾನ್ ಮೇಲೆ ನೀರಾಗುವಾಗ ತನ್ನಲ್ಲಿದ್ದ ಶಾಖವನ್ನು ಕ್ಯಾನ್‌ಗೆ ಬಿಟ್ಟುಕೊಡುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳು 2013ರಲ್ಲಿ ಇದನ್ನೇ ಅಳೆದರು. ಕ್ಯಾನ್ ಸುತ್ತ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು ನೀರಿನ ಪದರ ಕಟ್ಟಿದರೂ ಒಳಗಿನ ಪಾನೀಯ ಸುಮಾರು 5 ಡಿಗ್ರಿ ಏರುತ್ತದೆ. ಕ್ಯಾನ್‌ಗೆ ತೊಡಿಸುವ ಸ್ಪಂಜಿನಂಥ ಮೆತ್ತನೆಯ ಚೀಲ, ಅಂದರೆ ಕೂಜಿ, ಇದನ್ನು ತಡೆಯುತ್ತದೆ. ಕೈಯ ಬಿಸಿಯನ್ನೂ ತಡೆಯುತ್ತದೆ. ಒಂದೆರಡು ಡಾಲರಿನ ಈ ವಸ್ತು ಮಾಡುವ ಕೆಲಸ ಅದರ ಬೆಲೆಗಿಂತ ಎಷ್ಟೋ ದೊಡ್ಡದು. ಸೆಕೆ ಜಾಸ್ತಿ ಇರುವ ಲೂಸಿಯಾನಾ, ಫ್ಲೋರಿಡಾದಂಥ ಕಡೆ ಇದು ತೀರಾ ಅಗತ್ಯ. ಎರಡು ಪದರದ ಸ್ಟೀಲ್ ಲೋಟಗಳು ಇನ್ನೂ ಚೆನ್ನ. ಪದರಗಳ ನಡುವಿನ ಗಾಳಿಯನ್ನೇ ಹೊರಗೆ ತೆಗೆದಿರುತ್ತಾರೆ. ಬಿಸಿ ಸಾಗಲು ದಾರಿ ತೀರಾ ಕಡಿಮೆ. 1892ರಲ್ಲಿ ಜೇಮ್ಸ್ ಡ್ಯೂವರ್ ಮಾಡಿದ ಫ್ಲಾಸ್ಕ್‌ನ ತತ್ವವೇ ಇದು.

ಪೀಪಾಯಿಯಲ್ಲಿ ಬಿಯರ್ ತರುವ ದೊಡ್ಡ ಗುಂಪುಗಳಲ್ಲಿ ಜಾಕಿ ಬಾಕ್ಸ್ ಎಂಬುದನ್ನು ನೋಡುತ್ತೀರಿ. ಅದು ನಲ್ಲಿ ಹಾಕಿದ ಕೂಲರ್. ಒಳಗೆ ಉದ್ದದ ಸ್ಟೀಲ್ ಕೊಳವೆ ಸುರುಳಿ ಸುತ್ತಿ ಐಸ್‌ನೀರಿನಲ್ಲಿ ಮುಳುಗಿರುತ್ತದೆ. ಪೀಪಾಯಿಯಿಂದ ಹೊರಟ ಬಿಯರ್ ಆ ಸುರುಳಿ ದಾಟಿ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ.

## ಕರೆಂಟಿನ ಕೂಲರ್, ಡ್ರೈ ಐಸ್

ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ ಕೂಲರ್‌ಗಳಲ್ಲಿ ಎರಡು ಜಾತಿ. ಅಗ್ಗದ್ದು ಥರ್ಮೋಎಲೆಕ್ಟ್ರಿಕ್. ಅದರಲ್ಲಿ ಕರೆಂಟ್ ಹರಿದಾಗ ಒಂದು ಬಿಲ್ಲೆಯ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ ಆಗುತ್ತದೆ. ಇದು ಹೊರಗಿನ ಉಷ್ಣತೆಗಿಂತ ಹೆಚ್ಚೆಂದರೆ 20 ಡಿಗ್ರಿ ಕೆಳಗೆ ಇಳಿಸುತ್ತದೆ. ಹೊರಗೆ 36 ಇದ್ದರೆ ಒಳಗೆ 16. ಅದು ತಣ್ಣನೆಯ ಪಾನೀಯವಲ್ಲ. ಜೊತೆಗೆ ಸತತವಾಗಿ 4–5 ಆಂಪಿಯರ್ ಎಳೆಯುತ್ತದೆ. ಎಂಜಿನ್ ಆಫ್ ಆಗಿ ಐದಾರು ಗಂಟೆ ಕಳೆದರೆ ಕಾರು ಸ್ಟಾರ್ಟ್ ಆಗದೇ ಹೋಗಬಹುದು. ಎರಡನೆಯದು ಕಂಪ್ರೆಸರ್ ಇರುವ ನಿಜವಾದ ಪುಟ್ಟ ಫ್ರಿಜ್. ಫ್ರೀಜರ್‌ನಷ್ಟೇ ತಣ್ಣಗೆ ಮಾಡಬಲ್ಲದು, ಬೇಕಾದಾಗ ಮಾತ್ರ ಓಡುತ್ತದೆ. ಬ್ಯಾಟರಿ ಇಳಿದರೆ ತಾನೇ ನಿಲ್ಲುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಬೆಲೆ ಮಾತ್ರ ಜಾಸ್ತಿ. ಇದಕ್ಕೂ ಬಿಸಿ ಕ್ಯಾನ್ ತುಂಬಿದರೆ ಗಂಟೆಗಟ್ಟಲೆ ಕಾಯಬೇಕು. ಮನೆಯಲ್ಲೇ ತಣ್ಣಗೆ ಮಾಡಿ ತರುವ ನಿಯಮ ಇಲ್ಲೂ ತಪ್ಪುವುದಿಲ್ಲ.

ಡ್ರೈ ಐಸ್ ಎಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಅಲ್ಲಿನ ಕೆಲವು ಕಿರಾಣಿ ಅಂಗಡಿಗಳಲ್ಲೇ ಸಿಗುತ್ತದೆ. ಪಾನೀಯಕ್ಕೆ ಇದು ಬೇಡ. ಕ್ಯಾನ್ ಹೆಪ್ಪುಗಟ್ಟಿ ಒಡೆಯುತ್ತದೆ, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಇದು ನೀರಾಗದೆ ನೇರ ಅನಿಲವಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿಟ್ಟರೆ ಒತ್ತಡ ಏರಿ ಸಿಡಿಯಬಹುದು. ಕಿಟಕಿ ಮುಚ್ಚಿದ ಕಾರಿನಲ್ಲಿ ಒಯ್ದರೆ ಆ ಅನಿಲ ತುಂಬಿ ಉಸಿರಿಗೇ ಅಪಾಯ. ಇದು ಹೆದರಿಸಲು ಹೇಳುವ ಮಾತಲ್ಲ, ದಯವಿಟ್ಟು ಗಮನದಲ್ಲಿಡಿ.

## ಡಿಸೆಂಬರ್‌ನಲ್ಲಿ ಲೆಕ್ಕ ತಿರುಗುಮುರುಗು

1967ರ ಡಿಸೆಂಬರ್ 31ರಂದು ಗ್ರೀನ್ ಬೇಯ ಲ್ಯಾಂಬೋ ಫೀಲ್ಡ್‌ನಲ್ಲಿ ನಡೆದ ಪಂದ್ಯವನ್ನು 'ಐಸ್ ಬೌಲ್' ಎಂದೇ ಕರೆಯುತ್ತಾರೆ. ಆಟ ಶುರುವಾದಾಗ ಉಷ್ಣತೆ ಸುಮಾರು ಮೈನಸ್ 25 ಡಿಗ್ರಿ ಸೆಲ್ಸಿಯಸ್. ಅಷ್ಟು ಚಳಿ ದಿನಾ ಇರುವುದಿಲ್ಲ. ಆದರೆ ಗ್ರೀನ್ ಬೇ, ಬಫಲೋ ಕಡೆ ಸೊನ್ನೆಗಿಂತ ಕೆಳಗಿನ ಟೈಲ್‌ಗೇಟ್ ಮಾಮೂಲು. ಅಲ್ಲಿ ಕ್ಯಾನ್ ಹೊರಗಿಟ್ಟರೆ ಗಟ್ಟಿಯಾಗಿ ಸೀಳುತ್ತದೆ. ನೀರು ಐಸ್ ಆಗುವಾಗ ಸುಮಾರು ಶೇ 9ರಷ್ಟು ಹಿಗ್ಗುವುದೇ ಕಾರಣ. ಆಗ ಬೇಕಾಗುವುದು ಅದೇ ಕೂಲರ್, ಐಸ್ ಇಲ್ಲದೆ. ಜೊತೆಗೆ ಉಗುರುಬೆಚ್ಚಗಿನ ನೀರಿನ ಬಾಟಲಿ ಒಂದನ್ನು ಒಳಗಿಟ್ಟರೆ ಪಾನೀಯಗಳು ಗಟ್ಟಿಯಾಗದೆ, ಹದವಾದ ತಂಪಿನಲ್ಲೇ ಇರುತ್ತವೆ. ಕಂಬಳಿಯ ಗುಣ ಇಲ್ಲಿ ಪೂರ್ತಿ ಗೊತ್ತಾಗುತ್ತದೆ.

## ಹೊರಡುವ ಮುನ್ನ, ಮುಗಿದ ಮೇಲೆ

ನಿಯಮಗಳು ಕ್ರೀಡಾಂಗಣದಿಂದ ಕ್ರೀಡಾಂಗಣಕ್ಕೆ ಬೇರೆ. ಅವರವರ ವೆಬ್‌ಸೈಟ್ ನೋಡಿಕೊಂಡೇ ಹೋಗಿ. ಅನೇಕ ಲಾಟ್‌ಗಳಲ್ಲಿ ಗಾಜಿನ ಬಾಟಲಿ ನಿಷೇಧ. ಮದ್ಯಕ್ಕೆ 21 ವರ್ಷ ತುಂಬಿರಲೇಬೇಕು. 18 ದಾಟಿದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ವಿದ್ಯಾರ್ಥಿ ವೀಸಾದಲ್ಲಿ ಇರುವವರು ಇನ್ನಷ್ಟು ಎಚ್ಚರ ವಹಿಸಬೇಕು. ಎನ್‌ಎಫ್‌ಎಲ್ 2013ರಿಂದ ಪಾರದರ್ಶಕ ಚೀಲ ಮಾತ್ರ ಒಳಗೆ ಬಿಡುತ್ತದೆ, ಕೂಲರ್ ಒಯ್ಯುವಂತಿಲ್ಲ. ಪಂದ್ಯದ ಹೊತ್ತು ನಿಮ್ಮ ಡಬ್ಬ ಮುಚ್ಚಿದ ಕಾರಿನಲ್ಲೇ ಇರುತ್ತದೆ. ಅದರ ಮೇಲೆ ದಪ್ಪ ಟವೆಲ್ ಹೊದಿಸಿ, ಬಿಸಿಲು ಬೀಳದ ಕಡೆ ಇಡಿ. ಪಂದ್ಯ ಮುಗಿದು ಟ್ರಾಫಿಕ್‌ನಲ್ಲಿ ಕಾಯುವಾಗ ಮಕ್ಕಳಿಗೂ ಕಾರು ಓಡಿಸುವವರಿಗೂ ತಣ್ಣೀರು ಅದರಲ್ಲೇ ಇರಬೇಕು.

ಮನೆಗೆ ಬಂದ ಮೇಲೆ ಉಳಿದ ನೀರನ್ನು ಸಿಂಕಿಗೋ ಹುಲ್ಲಿಗೋ ಚೆಲ್ಲಿ. ಚಳಿಗಾಲದಲ್ಲಿ ನಡೆಯುವ ದಾರಿ ಮೇಲೆ ಚೆಲ್ಲಬೇಡಿ, ಹೆಪ್ಪುಗಟ್ಟಿ ಯಾರಾದರೂ ಜಾರುತ್ತಾರೆ. ಡಬ್ಬವನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ, ಬಿರಡೆ ತೆಗೆದು, ಮುಚ್ಚಳ ತೆರೆದೇ ಒಣಗಲು ಬಿಡಿ. ಒದ್ದೆ ಇರುವಾಗ ಮುಚ್ಚಿಟ್ಟರೆ ರಬ್ಬರ್ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಮುಂದಿನ ಐಸ್‌ಗೂ ಅಂಟುತ್ತದೆ.